ಪ್ಲಮ್ ಗೂಡಿನಲ್ಲಿ ಒಣಗಿದ ಹಾಡು

ಪ್ಲಮ್ ಒಣಗಿಸುವವನಿಗೆ ಆತುರ ಇರಬಾರದು. ಮೊದಲ ದಿನವೇ ಒಲೆಗೆ ದಪ್ಪ ಕೊರಡು ತುರುಕಿದರೆ ಹಣ್ಣಿನ ಸಿಪ್ಪೆ ಬಿರಿದು ರಸವೆಲ್ಲ ಕೆಳಗೆ ಸುರಿದುಹೋಗುತ್ತದೆ. ತಟ್ಟಿಯ ಮೇಲೆ ಉಳಿಯುವುದು ಬೀಜ, ಅದಕ್ಕೆ ಅಂಟಿಕೊಂಡ ಸುಟ್ಟ ತೊಗಲು. ದುಬ್ರಾವಾದಲ್ಲಿ ಇದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಊರಿನವರು ತಮ್ಮ ಹಣ್ಣನ್ನು ವುಕಾಶಿನ್‌ನ ಗೂಡಿಗೇ ತರುತ್ತಿದ್ದರು, ಏಕೆಂದರೆ ಗೊತ್ತಿರುವುದು ಬೇರೆ, ಹಗಲೆಲ್ಲ ಒಲೆಯ ಬಾಯಿಯ ಮುಂದೆ ಮುಕ್ಕಾಲಿ ಹಾಕಿಕೊಂಡು ಕೂರುವುದು ಬೇರೆ.

ಗೂಡು ಅವನ ಅಪ್ಪ ಕಟ್ಟಿದ್ದು. ಇಟ್ಟಿಗೆಯದು, ಮನೆಯ ಹಿಂದೆ ಇಳಿಜಾರಿಗೆ ಬೆನ್ನು ಕೊಟ್ಟು ನಿಂತಿದೆ. ಕೆಳಗೆ ಒಲೆ, ಮೇಲೆ ಒಂದರ ಮೇಲೊಂದು ಕಡ್ಡಿಯಲ್ಲಿ ಹೆಣೆದ ಉದ್ದನೆಯ ತಟ್ಟಿಗಳು. ತಟ್ಟಿ ತುಂಬಿದಾಗ ಅದನ್ನು ಹೊರಗೆಳೆಯಲು ಇಬ್ಬರು ಬೇಕು. ಹೆಂಡತಿ ದರಿಂಕಾ ಇದ್ದಷ್ಟು ದಿನ ಆ ಕಡೆಯ ತುದಿ ಅವಳದು. ಅವಳು ಹೋದ ಮೇಲೆ ದಾರಿಯಲ್ಲಿ ಹೋಗುವವರನ್ನು ವುಕಾಶಿನ್ ಕೂಗಿ ಕರೆಯುತ್ತಿದ್ದ. ಅವನ ಕೂಗಿಗೆ ಎದುರು ಗುಡ್ಡದ ನಾಯಿಗಳೂ ಬೊಗಳುತ್ತಿದ್ದವು. ಅಂಥ ಗಂಟಲು.

ಆ ಗಂಟಲಿಗೆ ಒಂದು ಕಾಲದಲ್ಲಿ ಹೆಸರಿತ್ತು. ವುಕಾಶಿನ್, ತಿಹೊಮಿರ್, ಬ್ಲಾಗೊಯೆ ಮೂವರೂ ಸೇರಿ, ತಿಹೊಮಿರ್‌ನ ಅಪ್ಪನ ನೀರುಗಿರಣಿಯಲ್ಲಿ ಹಿಟ್ಟಿನ ಧೂಳು ಕುಡಿಯುತ್ತ ಒಂದು ರಾಕ್ ತಂಡ ಕಟ್ಟಿದ್ದರು. ಹೆಸರು ‘ವೊದೆನಿತ್ಸ’, ಗಿರಣಿ ಅಂತಲೇ. ವುಕಾಶಿನ್ ಹಾಡುತ್ತಿದ್ದ, ಬೇಸ್ ಗಿಟಾರ್ ಹಿಡಿಯುತ್ತಿದ್ದ; ತಿಹೊಮಿರ್ ಗಿಟಾರ್; ಬ್ಲಾಗೊಯೆ ಡ್ರಮ್ಮು. ಒಂದು ಆಲ್ಬಮ್ ಬಂತು. ಬೆಲ್‌ಗ್ರೇಡ್ ರೇಡಿಯೊ ಅದನ್ನು ಒಂದು ಬೇಸಿಗೆಯೆಲ್ಲ ಹಾಕಿತು. ಎರಡನೆಯದಕ್ಕೆ ಗಿರಣಿಯಲ್ಲೇ ಧ್ವನಿಮುದ್ರಣ ನಡೆಯುತ್ತಿದ್ದ ವರ್ಷದ ಚಳಿಗಾಲದಲ್ಲಿ ತಿಹೊಮಿರ್‌ನ ಬೈಕು ಹಿಮದ ಮೇಲೆ ಜಾರಿ ಸೇತುವೆಯ ಕೆಳಗೆ ಹೋಯಿತು. ಅಲ್ಲಿಗೆ ತಂಡ ಮುಗಿಯಿತು. ವುಕಾಶಿನ್ ಪ್ಲಮ್ ತೋಟಕ್ಕೆ ಬಂದ. ಬ್ಲಾಗೊಯೆ ಸಹಕಾರ ಸಂಘದ ಹಾಲಿನ ಲಾರಿ ಹತ್ತಿದ.

ವುಕಾಶಿನ್‌ನ ಮದುವೆಯಲ್ಲಿ ಚರ್ಚಿನ ಪದ್ಧತಿಯಂತೆ ವಧೂವರರ ತಲೆಯ ಮೇಲೆ ಕಿರೀಟ ಹಿಡಿದು ಸಾಕ್ಷಿ ನಿಂತವನು ಬ್ಲಾಗೊಯೆ. ಆವತ್ತಿನಿಂದ ಇಬ್ಬರೂ ಒಬ್ಬರಿಗೊಬ್ಬರು ‘ಕೂಮ’. ರಕ್ತದ ನಂಟು ಜಗಳವಾಡಬಹುದು, ಕೂಮನ ನಂಟು ಹಾಗಲ್ಲ. ದೇವರ ಮುಂದೆ ಕಟ್ಟಿಕೊಂಡದ್ದು. ಆಕಾಶದಲ್ಲಿ ದೇವರು, ನೆಲದ ಮೇಲೆ ಕೂಮ ಎನ್ನುತ್ತಾರೆ ನಮ್ಮ ಕಡೆ.

ಎರಡು ಚಳಿಗಾಲದ ಹಿಂದೆ ಬ್ಲಾಗೊಯೆಗೆ ಲಕ್ವ ಹೊಡೆದು ಎಡಗೈ ಬಿದ್ದುಹೋಯಿತು. ಈ ಬೇಸಿಗೆಯಲ್ಲಿ ವುಕಾಶಿನ್‌ನ ಸರದಿ. ದನಿ ಕಟ್ಟಿತು, ಕಟ್ಟಿದ್ದು ಬಿಡಲಿಲ್ಲ. ಮಗಳು ಬೆಲ್‌ಗ್ರೇಡ್‌ನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಗಂಟಲಿನ ದನಿಪೆಟ್ಟಿಗೆಯನ್ನೇ ತೆಗೆಯಬೇಕು, ತೆಗೆದರೆ ಬದುಕಬಹುದು ಎಂದರು ಡಾಕ್ಟರು.

“ಪ್ಲಮ್ ಮುಗೀಲಿ, ಬರ್ತೀನಿ” ಎಂದು ವುಕಾಶಿನ್ ಹೇಳಿ ಬಂದ.

ಸ್ಮಶಾನದಲ್ಲಿ ದರಿಂಕಾಳ ಕಲ್ಲಿನ ಮೇಲೆ ಅವನ ಹೆಸರೂ ಇದೆ. ಇಬ್ಬರಲ್ಲಿ ಒಬ್ಬರು ಹೋದಾಗ ಇನ್ನೊಬ್ಬರದನ್ನೂ ಕೆತ್ತಿಸಿಬಿಡುವುದು ರೂಢಿ. ಹುಟ್ಟಿದ ವರ್ಷ, ಒಂದು ಗೀಟು, ಆಮೇಲೆ ಖಾಲಿ ಜಾಗ. ಅವನ ಚಿತ್ರಕ್ಕೆ ಮಗಳು ಕೊಟ್ಟದ್ದು ಹಳೆಯ ಆಲ್ಬಮ್‌ನ ಫೋಟೊ: ಹೆಗಲವರೆಗೆ ಕೂದಲು, ತೆರೆದ ಬಾಯಿ. ಮೇಣದ ಬತ್ತಿ ಹಚ್ಚಲು ಹೋದಾಗಲೆಲ್ಲ ವುಕಾಶಿನ್ ಆ ಹುಡುಗನ ಕಣ್ಣು ತಪ್ಪಿಸಿ ಹೆಂಡತಿಯ ಮುಖವನ್ನಷ್ಟೇ ನೋಡಿ ಬರುತ್ತಿದ್ದ.

ಪ್ಲಮ್ ಹಣ್ಣಾಗುವ ಹೊತ್ತಿಗೆ ಟೇಪುಗಳು ಸಿಕ್ಕವು. ತಿಹೊಮಿರ್‌ನ ತಂಗಿ ಸ್ತಾನಿಯಾ ಗಿರಣಿಯ ಅಟ್ಟ ಬಿಚ್ಚಿಸುತ್ತಿದ್ದಾಗ ಹಿಟ್ಟಿನ ಪೆಟ್ಟಿಗೆಯೊಳಗೆ ಕಂಬಳಿ ಸುತ್ತಿಟ್ಟ ದೊಡ್ಡ ಸುರುಳಿಗಳು. ಎರಡನೆಯ ಆಲ್ಬಮ್ಮಿನದು. ಸುದ್ದಿ ಬೆಲ್‌ಗ್ರೇಡ್ ಮುಟ್ಟಿ ಅಲ್ಲಿಂದ ಒಗ್ನೆನ್ ಎಂಬವನು ಕಾರಿನಲ್ಲಿ ಒಂದು ಭಾರಿ ಯಂತ್ರ ಹೇರಿಕೊಂಡು ಬಂದ. ಹಳೆಯ ತಂಡಗಳ ಹಾಡು ಹುಡುಕಿ ಮತ್ತೆ ಹೊರತರುವುದೇ ಅವನ ಕೆಲಸ. ಕೊಳ್ಳುವವರು ಜರ್ಮನಿಯಲ್ಲಿ, ಜಪಾನಿನಲ್ಲಿ ಇದ್ದಾರಂತೆ. ಒಳ್ಳೆಯ ಮನುಷ್ಯ. ಮೆತ್ತಗೆ ಮಾತಾಡುತ್ತಿದ್ದ. ದೊಡ್ಡವರನ್ನು ‘ಚಿಕಾ’ ಎಂದು ಕರೆಯುತ್ತಿದ್ದ, ಚಿಕ್ಕಪ್ಪ ಎನ್ನುವ ಹಾಗೆ.

ವುಕಾಶಿನ್‌ನ ಅಂಗಳದ ಮೇಜಿನ ಸುತ್ತ ಎಲ್ಲರೂ ಕೂತರು. ಸ್ತಾನಿಯಾ ಕೈಮಾಕ್ ಬೆಣ್ಣೆ, ಜೋಳದ ರೊಟ್ಟಿ ತಂದಿದ್ದಳು. ಪ್ಲಮ್ ಸಾರಾಯಿ ರಾಕಿಯಾ ಸುರಿದಾಗ ಒಬ್ಬೊಬ್ಬರೂ ತಿಹೊಮಿರ್‌ನ ಹೆಸರಿನಲ್ಲಿ ನೆಲಕ್ಕೆ ಒಂದು ಹನಿ ಬಿಟ್ಟರು.

“ಇಬ್ಬರ ಸಹಿ ಬೇಕು ಚಿಕಾ” ಎಂದ ಒಗ್ನೆನ್. “ಬದುಕಿರೋ ಇಬ್ಬರದ್ದೂ.”

“ನಂದು ಈಗ್ಲೇ ತಗೊ” ಎಂದ ಬ್ಲಾಗೊಯೆ. “ಬಲಗೈ ನೆಟ್ಟಗಿದೆ.”

ವುಕಾಶಿನ್ ಲೋಟವನ್ನು ಬೆರಳಲ್ಲಿ ತಿರುಗಿಸುತ್ತ ಕೂತ. ಆಮೇಲೆ ತನ್ನ ಸವೆದ ದನಿಯಲ್ಲಿ, “ಹೊಸಾದು ಮಾಡೋಣ” ಎಂದ.

“ಏನು ಹೊಸಾದು?”

“ಹಾಡು. ಒಲೆ ಮುಂದೆ ಕೂತು ಕೂತು ಕಟ್ಟಿದೀನಿ ಒಂದಿಷ್ಟು. ದರಿಂಕಾ ಹೋದ್ಮೇಲೆ ಕಟ್ಟಿದ್ದು. ಗಂಟಲು ಹೋಗೋದ್ರೊಳಗೆ ಒಂದ್ಸಲ ಹಾಡ್ಬಿಡ್ತೀನಿ.”

ಬ್ಲಾಗೊಯೆ ತನ್ನ ಎಡಗೈಯನ್ನು ಬಲಗೈಯಿಂದ ಎತ್ತಿ ಮೇಜಿನ ಮೇಲಿಟ್ಟ, ಮಾರಾಟಕ್ಕೆ ತಂದ ಮೀನಿನ ಹಾಗೆ. “ಮತ್ತೆ ಇದರ ಪಾಲು ಯಾರು ಬಾರಿಸ್ತಾರೆ?”

“ವಾಲ್ಯೆವೊ ಪೇಟೇಲಿ ಬಾರಿಸೋರು ಸಿಗ್ತಾರೆ ಕೂಮ.”

ಮಾತು ಬಿದ್ದ ಮೇಲೆ ವುಕಾಶಿನ್‌ಗೆ ಅದು ಬೀಳಬಾರದಿತ್ತು ಎಂದು ತಿಳಿಯಿತು. ಬ್ಲಾಗೊಯೆ ಕೈಯನ್ನು ಮತ್ತೆ ತೊಡೆಯ ಮೇಲೆ ಇಳಿಸಿಕೊಂಡ.

“ಸಿಗ್ತಾರೆ” ಎಂದ. “ಹಾಡೋರೂ ಸಿಗ್ತಾರೆ. ನಿನ್ನ ದನಿ ಈಗ ಹೆಂಗಿದೆ ಗೊತ್ತಾ? ಗರಗಸಕ್ಕೆ ಮೊಳೆ ಸಿಕ್ಕಂಗಿದೆ. ಅದರ ಮೇಲೆ ವೊದೆನಿತ್ಸ ಅಂತ ಬರೆಸ್ತೀಯಾ? ಜನ ನಮ್ಮನ್ನ ಹೆಂಗೆ ನೆನೆಸ್ಕೊಂಡಿದಾರೋ ಹಂಗೇ ಇರ್ಲಿ ಬಿಡೋ.”

“ನೆನೆಸ್ಕೊಳ್ಳೋಕೆ ನಾನಿನ್ನೂ ಸತ್ತಿಲ್ವಲ್ಲೋ.”

“ನಿನ್ನ ಕಲ್ಲು ರೆಡಿಯಾಗಿದೆ, ಒಂದು ವರ್ಷ ಕೆತ್ತೋದು ಬಾಕಿ” ಎಂದು ಬ್ಲಾಗೊಯೆ ನಕ್ಕ. ಯಾವಾಗಲೂ ಆಡುತ್ತಿದ್ದ ತಮಾಷೆ ಅದು. ಈ ಸಲ ಸ್ತಾನಿಯಾ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡು, “ಥೂ, ಬಾಯಿಗೆ ಹುಳ ಬೀಳ” ಎಂದಳು.

ಒಗ್ನೆನ್ ನಡುವೆ ಬಂದ. ಮೊದಲು ಟೇಪಿನಲ್ಲಿ ಏನಿದೆ ಕೇಳೋಣ. ಆದರೆ ಹಾಗೆಯೇ ಹಾಕಲು ಬರುವುದಿಲ್ಲ. ಟೇಪಿನ ಅಂಟು ಇಷ್ಟು ವರ್ಷ ಹೊಳೆಯ ತೇವ ಕುಡಿದು ಜಿಗುಟಾಗಿದೆ. ಯಂತ್ರಕ್ಕೆ ಹಾಕಿದರೆ ಪದರು ಕಿತ್ತು ಬರುತ್ತದೆ. ಸಣ್ಣ ಬಿಸಿಯಲ್ಲಿ ನಿಧಾನವಾಗಿ ಒಣಗಿಸಬೇಕು. ಬಿಸಿ ಒಂದು ಚೂರು ಹೆಚ್ಚಾದರೆ ಸುರುಳಿ ಸೊಟ್ಟಗಾಗಿ ಎಲ್ಲ ಮುಗಿಯಿತು.

“ಬೆಲ್‌ಗ್ರೇಡಿಗೆ ತಗೊಂಡು ಹೋಗ್ತೀನಿ. ನಮ್ಮತ್ರ ಹಣ್ಣು ಒಣಗಿಸೋ ಕರೆಂಟಿನ ಪೆಟ್ಟಿಗೆ ಇದೆ, ಅದ್ರಲ್ಲೇ ಇಡೋದು.”

“ಊರು ಬಿಟ್ಟು ಹೋಗೋದಿಲ್ಲ” ಎಂದಳು ಸ್ತಾನಿಯಾ. “ಹಿಂದೆ ಪೇಪರಿನವನೊಬ್ಬ ಅಣ್ಣನ ಫೋಟೊ ಎಲ್ಲ ತಗೊಂಡು ಹೋದ. ಇವತ್ತು ಬಂದ, ನಾಳೆ ಬಂದ.”

“ಹಣ್ಣು ಒಣಗಿಸೋ ಪೆಟ್ಟಿಗೇನಾ?” ವುಕಾಶಿನ್ ಮೊದಲ ಸಲ ಮುಖ ಎತ್ತಿದ. “ಮತ್ತೆ ನನ್ನ ಗೂಡೇನು ಕುರಿ ಕಟ್ಟೋಕಿದೆಯೇನಪ್ಪ?”

ಹಾಗೆ ಟೇಪುಗಳು ಪ್ಲಮ್ ಗೂಡಿಗೆ ಬಂದವು. ವುಕಾಶಿನ್ ಹಣ್ಣನ್ನು ಹೊರಗೆ ತೆಗೆಸಿ, ಅತ್ಯಂತ ಮೇಲಿನ ತಟ್ಟಿಗಳನ್ನು ಒರೆಸಿ, ಬಿಳಿಯ ಬಟ್ಟೆ ಹಾಸಿ ಸುರುಳಿಗಳನ್ನು ಅಂತರ ಬಿಟ್ಟು ಮಲಗಿಸಿದ. ಒಗ್ನೆನ್ ಶಾಖ ಅಳೆಯುವ ಕಡ್ಡಿಯೊಂದನ್ನು ಒಳಗೆ ನೇತುಹಾಕಿದ. ವುಕಾಶಿನ್ ಅದರ ಕಡೆ ನೋಡಲಿಲ್ಲ. ಗೂಡಿನ ಬಾಗಿಲಿಗೆ ಕೈಯ ಹಿಂಬದಿ ತಾಗಿಸಿ ನೋಡುತ್ತಿದ್ದ, ಮಗುವಿನ ಹಣೆ ಮುಟ್ಟುವ ಹಾಗೆ. ಒಣಗಿದ ಬೀಚ್ ಕಡ್ಡಿಯ ತೆಳುವಾದ ಬೆಂಕಿ. ಕೊರಡು ಇಲ್ಲ.

ಬ್ಲಾಗೊಯೆ ಬೆಳಿಗ್ಗೆಯೇ ಕೋಲೂರಿಕೊಂಡು ಬಂದು ಎದುರಿನ ಮರದ ತುಂಡಿನ ಮೇಲೆ ಕೂತ. ಮಧ್ಯಾಹ್ನವಾದರೂ ಏಳಲಿಲ್ಲ.

“ನಿಂಗೇನು ಕೆಲಸ ಇಲ್ಲಿ?” ಎಂದ ವುಕಾಶಿನ್.

“ಬೆಂಕಿ ನೋಡ್ತಿದೀನಿ.”

“ನಮ್ಮಪ್ಪನ ಕಾಲದಿಂದ ನಾನು ನೋಡ್ತಿರೋ ಬೆಂಕಿ ಇದು.”

“ಅದಕ್ಕೇ ನೋಡ್ತಿದೀನಿ.”

ವುಕಾಶಿನ್‌ಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಎರಡು ಕೊರಡು ಸಾಕು. ಹಳೆಯ ದನಿ, ಹಳೆಯ ಡ್ರಮ್ಮು ಎರಡೂ ಸೊಟ್ಟಗಾಗಿ ಹೋಗುತ್ತವೆ. ಆಮೇಲೆ ಉಳಿಯುವುದು ಹೊಸ ಹಾಡೊಂದೇ. ಹಾಗೆ ಮಾಡಬಹುದೆಂದು ಕೂಮನಿಗೆ ಹೊಳೆದಿದೆ. ತನಗೆ ಹೊಳೆದಿರಲಿಲ್ಲ. ಈಗ ಹೊಳೆಯಿತು. ಅವನು ಎದ್ದು ಹೋಗಿ ಕೊರಡಿನ ರಾಶಿಯಿಂದ ಒಂದನ್ನು ಎತ್ತಿ ತಂದು ಬ್ಲಾಗೊಯೆಯ ಕಾಲ ಬಳಿ ಹಾಕಿದ.

“ಇದರ ಮೇಲೆ ಕಾಲಿಟ್ಕೊ. ನೆಲ ತಣ್ಣಗಿದೆ.”

ಬ್ಲಾಗೊಯೆ ಕಾಲಿಟ್ಟುಕೊಂಡ.

ಟೇಪು ಒಣಗಿ, ತಣಿದು, ಯಂತ್ರಕ್ಕೆ ಏರಿದ ದಿನ ಅಂಗಳದಲ್ಲಿ ಅವರೇ ನಾಲ್ವರು. ಒಗ್ನೆನ್ ಗುಂಡಿ ಒತ್ತಿದ. ಮೊದಲು ನೀರಿನ ಸದ್ದು ಬಂತು, ಗಿರಣಿಯ ಕಾಲುವೆಯದು. ಆಮೇಲೆ ತಿಹೊಮಿರ್ ಯಾರಿಗೋ “ಬಾಗಿಲು ಹಾಕೋ, ಕೋಳಿ ಬರ್ತಾವೆ” ಎಂದದ್ದು. ಸ್ತಾನಿಯಾ ಏಪ್ರನ್ನಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ಬ್ಲಾಗೊಯೆಯ ಡ್ರಮ್ ಕೋಲುಗಳು ಒಂದಕ್ಕೊಂದು ತಾಗಿದವು, ಮತ್ತು ಎಲ್ಲ ಒಟ್ಟಿಗೆ ಬಂತು.

ಬ್ಲಾಗೊಯೆ ಕಣ್ಣು ಮುಚ್ಚಿ ಕೇಳಿದ. ಅವನ ಎಡಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಟೇಪಿನೊಳಗೆ ಅದೇ ಕೈ ಆಲಿಕಲ್ಲಿನ ಹಾಗೆ ಸುರಿಯುತ್ತಿತ್ತು. ವುಕಾಶಿನ್‌ನ ದನಿ ಅದರ ಮೇಲೆ ಎಲ್ಲೋ ಎತ್ತರದಲ್ಲಿ, ದಣಿವು ಎಂದರೇನೆಂದು ತಿಳಿಯದ ಹಾಗೆ ಹೋಗುತ್ತಿತ್ತು. ವುಕಾಶಿನ್ ಅದನ್ನು ಬೇರೆಯವರ ಮಗನ ಬಗ್ಗೆ ಕೇಳುವಂತೆ ಕೇಳಿದ: ಚೆನ್ನಾಗಿದಾನೆ, ಸಂತೋಷ.

ಕೊನೆಯ ಹಾಡು ‘ಕಲ್ಲು ನಿಂತಾಗ’, ಗಿರಣಿಯ ಕಲ್ಲು. ಊರಿನಲ್ಲಿ ಎಲ್ಲರೂ ನೆನೆಯುವುದು ಅದನ್ನೇ. ಸಂಘದ ಸಭಾಂಗಣದಲ್ಲಿ ಒಂದೆರಡು ಸಲ ಹಾಡಿದ್ದು. ಅಂಥ ಹಾಡು ಅವರು ಇನ್ನೊಂದು ಕಟ್ಟಲಿಲ್ಲ ಎಂದು ಕೇಳಿದವರೂ ಹೇಳುತ್ತಾರೆ, ಕೇಳದವರೂ ಹೇಳುತ್ತಾರೆ. ಗಿಟಾರ್ ಬಂತು. ಡ್ರಮ್ಮು ಬಂತು. ದನಿ ಬರಬೇಕಾದ ಜಾಗ ಬಂತು, ಹೋಯಿತು. ದನಿ ಇಲ್ಲ. ಹಾಡು ಕೊನೆಯವರೆಗೆ ಹಾಗೆಯೇ ಹೋಯಿತು, ಸವಾರನಿಲ್ಲದ ಕುದುರೆಯ ಹಾಗೆ.

“ಏನಿದು?” ಬ್ಲಾಗೊಯೆ ಕಣ್ಣು ಬಿಟ್ಟ. “ಹಾಡೆಲ್ಲಿ?”

ವುಕಾಶಿನ್‌ಗೆ ನಗು ಬಂತು, ನಗು ಕೆಮ್ಮಾಯಿತು. “ಅಯ್ಯೋ ಕೂಮ! ಆವತ್ತು ನಾನೆಲ್ಲಿದ್ದೆ? ಇಲ್ಲೇ ಕೂತಿದ್ದೆ. ಪ್ಲಮ್ ಸುಗ್ಗಿ. ಅಪ್ಪ ಗೂಡು ಬಿಟ್ಟು ಹೋದ್ರೆ ಕಾಲು ಮುರೀತೀನಿ ಅಂದಿದ್ದ. ನೀವು ಬಾರಿಸಿ ಇಡ್ರೋ, ನಾನು ಹಣ್ಣು ಮುಗಿಸ್ಕೊಂಡು ಬಂದು ಹಾಡ್ತೀನಿ ಅಂದಿದ್ದೆ. ಹಣ್ಣು ಮುಗೀತು. ಹಿಮ ಬಂತು.”

ಅವನು ತಿಹೊಮಿರ್‌ನ ಹೆಸರು ಹೇಳಲಿಲ್ಲ.

ಒಗ್ನೆನ್ ಮಾತ್ರ ಗಾಬರಿಯಾಗಲಿಲ್ಲ. ಮಿಕ್ಕ ಹಾಡುಗಳಲ್ಲಿ ಚಿಕಾನ ದನಿ ಬೇಕಾದಷ್ಟಿದೆ, ಈಗ ಕಂಪ್ಯೂಟರಿಗೆ ಅದನ್ನು ಕೇಳಿಸಿದರೆ ಕಲಿತುಕೊಂಡು ಅದೇ ದನಿಯಲ್ಲಿ ಈ ಹಾಡನ್ನೂ ಹಾಡಿಬಿಡುತ್ತದೆ ಎಂದ. ಯಾರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ.

“ನಾನು ಇಲ್ಲೇ ಕೂತಿದೀನಲ್ಲಪ್ಪ” ಎಂದ ವುಕಾಶಿನ್. “ಯಂತ್ರ ಯಾಕೆ ಹಾಡ್ಬೇಕು?”

ಅವನು ಎದ್ದು ನಿಂತ.

“ಕೇಳಿ. ಹೊಸ ಆಲ್ಬಮ್ ಬೇಡ. ಬಿಟ್ಟೆ. ಹಳೇದೇ ಬರ್ಲಿ, ಸಹಿ ಹಾಕ್ತೀನಿ. ಆದ್ರೆ ಇದೊಂದು ಹಾಡು ನಾನು ಹಾಡ್ತೀನಿ. ಈಗಿನ ಗಂಟಲಲ್ಲಿ. ಅಪ್ಪ ಬಿಡ್ಲಿಲ್ಲ, ಈಗ ಅಪ್ಪ ಇಲ್ಲ. ಬಾಕಿ ಉಳಿದಿರೋ ಕೆಲಸ ಇದು, ನಂದು.” ಅವನು ಬ್ಲಾಗೊಯೆಯ ಕಡೆ ತಿರುಗಿದ. “ಕೂಮ, ನೀನು ಹ್ಞೂಂ ಅನ್ನಬೇಕು.”

ಬ್ಲಾಗೊಯೆ ನೆಲ ನೋಡುತ್ತಲೇ “ಆಗ್ಲಿ” ಎಂದ. ಇಬ್ಬರೂ ಬಲಗೈ ಕೊಟ್ಟು ಹಿಡಿದರು. ಒಗ್ನೆನ್ ಸಾಕ್ಷಿ. ವುಕಾಶಿನ್ ಕಾಗದವನ್ನು ಓದದೆ ಸಹಿ ಹಾಕಿದ; ಕೂಮ ಮಾತು ಕೊಟ್ಟ ಮೇಲೆ ಕಾಗದ ಓದುವುದೇನಿದೆ.

ಮರುದಿನ ಗೂಡಿನ ಬಾಗಿಲ ಬಳಿಯೇ ಹಾಡಿದ. ಅಲ್ಲಿನ ಬೆಚ್ಚನೆಯ ಗಾಳಿಗೆ ಗಂಟಲು ಸ್ವಲ್ಪ ಬಿಡುತ್ತಿತ್ತು. ಕಿವಿಗೆ ಹಳೆಯ ಗಿಟಾರು, ಹಳೆಯ ಡ್ರಮ್ಮು. ಮುಂದೆ ಒಗ್ನೆನ್‌ನ ಮೈಕು. ಕಣ್ಣು ಒಲೆಯ ಮೇಲೆ.

ಕಲ್ಲು ನಿಂತಿದೆ, ನೀರು ಹರಿಯುತ್ತಲೇ ಇದೆ,
ಹಿಟ್ಟು ಯಾರ ಚೀಲಕ್ಕೆಂದು ಕೇಳುವವರಿಲ್ಲ.

ದನಿ ಒಣ ಎಲೆಯ ಮೇಲೆ ಗಾಡಿ ಎಳೆದ ಹಾಗಿತ್ತು. ಪದದ ನಡುವೆ ಉಸಿರು ತೆಗೆದುಕೊಳ್ಳುತ್ತಿದ್ದ, ಆ ಉಸಿರೂ ಕೇಳುತ್ತಿತ್ತು. ಎತ್ತರಕ್ಕೆ ಏರಬೇಕಾದ ಕಡೆ ಏರಲು ಹೋಗಲಿಲ್ಲ. ತಗ್ಗಿಸಿ, ಹೇಳಿದಂತೆ ಹೇಳಿ ದಾಟಿಕೊಂಡ. ಎರಡು ಸಲ ಹಾಡಿದ. ಮೂರನೆಯದಕ್ಕೆ ರಕ್ತದ ರುಚಿ ಬಂತು, ಸಾಕು ಎಂದು ಕೈ ಎತ್ತಿದ.

ಸ್ತಾನಿಯಾ ಮೂಗು ಒರೆಸಿಕೊಂಡು ಹೇಳಿದಳು: “ಅಣ್ಣ ಇದನ್ನ ಹಿಂಗೇ ಗುನುಗ್ತಿದ್ದ. ತಗ್ಗಿನಲ್ಲೇ. ನೀನು ಕಿರುಚಿ ಕಿರುಚಿ ಎತ್ತರಕ್ಕೆ ಒಯ್ದಿದ್ದು ಆಮೇಲೆ.”

ವುಕಾಶಿನ್ ಬ್ಲಾಗೊಯೆಯ ಕಡೆ ನೋಡಿದ. ಬ್ಲಾಗೊಯೆ ತೋಟದ ಕಡೆ ನೋಡುತ್ತಿದ್ದ.

“ಹೆಂಗಿತ್ತೋ ಕೂಮ?”

“ಇತ್ತು” ಎಂದ ಬ್ಲಾಗೊಯೆ.

ಕೊನೆಯ ತಟ್ಟಿ ಇಳಿದ ವಾರ ಮಗಳು ಬಂದು ವುಕಾಶಿನ್‌ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಹೋಗುವ ಮುಂಚೆ ಅವನು ಬಾಗಿಲಲ್ಲಿ ನಿಂತು ನಾಯಿಯನ್ನು ಹೆಸರು ಹಿಡಿದು ಕರೆದ. ನಾಯಿ ಕಾಲ ಬಳಿಯೇ ಇತ್ತು. ಆದರೂ ಇನ್ನೊಮ್ಮೆ ಕರೆದ.

ಅವನು ಅಲ್ಲಿ ಮಲಗಿದ್ದಾಗ ಒಗ್ನೆನ್ ಬ್ಲಾಗೊಯೆಗೆ ಫೋನ್ ಮಾಡಿದ. ಹಾಡನ್ನು ಎರಡು ಥರ ಸಿದ್ಧ ಮಾಡಿದ್ದ. ಒಂದು ವುಕಾಶಿನ್ ಹಾಡಿದ್ದು. ಇನ್ನೊಂದು, ಸುಮ್ಮನೆ ನೋಡೋಣ ಎಂದು, ಕಂಪ್ಯೂಟರು ಹಾಡಿದ್ದು. ಜರ್ಮನಿಯವರಿಗೆ ಎರಡನೆಯದು ಹಿಡಿಸಿದೆ. ಚಿಕಾ ವುಕಾಶಿನ್‌ನನ್ನು ಈಗ ಕೇಳುವ ಹಾಗಿಲ್ಲ. ನೀವು ಹೇಳಿದ ಹಾಗೆ ಮಾಡುತ್ತೇನೆ ಎಂದ.

ಬ್ಲಾಗೊಯೆ ಅಡಿಗೆಮನೆಯಲ್ಲಿ ಒಬ್ಬನೇ ಕೂತು ಎರಡನ್ನೂ ಕೇಳಿದ. ಮೊದಲನೆಯದರಲ್ಲಿ ಕೂಮನ ದನಿ ಹಿಂದೆ ಬೀಳುತ್ತಿತ್ತು, ಡ್ರಮ್ಮು ಮುದುಕನೊಬ್ಬನನ್ನು ದಾರಿಯಲ್ಲಿ ಬಿಟ್ಟು ಓಡುತ್ತಿರುವ ಹಾಗೆ ಕೇಳುತ್ತಿತ್ತು. ಎರಡನೆಯದರಲ್ಲಿ ಇಬ್ಬರೂ ಒಂದೇ ವಯಸ್ಸಿನವರು, ಒಟ್ಟಿಗೆ ಓಡುತ್ತಿದ್ದರು. ಅವನ ಎರಡು ಕೈಗಳೂ ಅಲ್ಲಿದ್ದವು. ಮತ್ತೆ ಹಾಕಿದ. ಮತ್ತೆ ಹಾಕಿದ. ಆ ಕೈ ಯಾರ ಜೊತೆ ಇರಬೇಕು ಎಂದು ಯಾರಾದರೂ ಅವನನ್ನು ಕೇಳಿದ್ದರೆ ಅವನು ಏನು ಹೇಳುತ್ತಿದ್ದನೋ. ಯಾರೂ ಕೇಳಲಿಲ್ಲ. ಹೊರಗೆ ಮಬ್ಬು ಇಳಿದಿತ್ತು, ಸ್ಟೌವಿನ ಮೇಲೆ ಸಾರು ಸೀದುಹೋಗಿತ್ತು.

“ಎರಡನೇದು ಹಾಕಪ್ಪ” ಎಂದ ಫೋನಿನಲ್ಲಿ. “ಕೂಮನಿಗೆ ನಾನು ಹೇಳ್ತೀನಿ.”

ಹೇಳಲು ಸಮಯ ಬೇಕಾದಷ್ಟಿತ್ತು. ವುಕಾಶಿನ್ ಕುತ್ತಿಗೆಗೆ ಶಾಲು ಸುತ್ತಿಕೊಂಡು ಬಂದಾಗ ಹೇಳಬಹುದಿತ್ತು. ಕ್ರಿಸ್‌ಮಸ್ಸಿಗೆ ಅವನು ಹಂದಿ ಮಾಂಸ ಕಳಿಸಿದಾಗ ಹೇಳಬಹುದಿತ್ತು. ವುಕಾಶಿನ್ ಮರುಮಾತು ಆಡಲಾರ ಎಂಬುದು ಹೇಳುವುದನ್ನು ಸುಲಭ ಮಾಡಬೇಕಿತ್ತು. ಮಾಡಲಿಲ್ಲ. ಆಸ್ಪತ್ರೆಯವರು ಗಂಟಲಿಗೆ ಒತ್ತಿ ಹಿಡಿದರೆ ಮಾತಾಡುವ ಯಂತ್ರವೊಂದನ್ನು ಕೊಟ್ಟಿದ್ದರು. ವುಕಾಶಿನ್ ಅದನ್ನು ಮಗಳ ಮುಂದೆ ಒಂದು ಸಲ ಹಚ್ಚಿ ನೋಡಿ, ಅದರೊಳಗಿಂದ ಬಂದ ಜೀರುಂಡೆಯ ಸದ್ದಿಗೆ ಬೆಚ್ಚಿ, ದರಿಂಕಾಳ ಕನ್ನಡಕ ಇಟ್ಟಿದ್ದ ಡ್ರಾಯರಿನಲ್ಲಿ ಹಾಕಿ ಮುಚ್ಚಿದ.

ಪ್ಲಮ್ ಹೂ ಬಿಟ್ಟ ಕಾಲಕ್ಕೆ ರೆಕಾರ್ಡು ಬಂತು. ಕಪ್ಪು ತಟ್ಟೆ, ದಪ್ಪ ರಟ್ಟಿನ ಹೊದಿಕೆ. ಹೊದಿಕೆಯ ಮೇಲೆ ಸ್ಮಶಾನದ ಕಲ್ಲಿನಲ್ಲಿರುವ ಅದೇ ಫೋಟೊ, ತೆರೆದ ಬಾಯಿ. ಸಂಘದ ಸಭಾಂಗಣದಲ್ಲಿ ಊರೆಲ್ಲ ಸೇರಿತು. ಒಗ್ನೆನ್ ಚೆನ್ನಾಗಿ ಮಾತಾಡಿದ. ವುಕಾಶಿನ್‌ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದರು, ಪಕ್ಕದಲ್ಲಿ ಬ್ಲಾಗೊಯೆ.

ವುಕಾಶಿನ್ ಕಾಯುತ್ತಿದ್ದದ್ದು ಕೊನೆಯ ಹಾಡಿಗೆ. ಗಿಟಾರ್ ಬಂದಾಗ ಬೆನ್ನು ನೆಟ್ಟಗೆ ಮಾಡಿಕೊಂಡ. ಅವನ ಬಳಿ ಉಳಿದಿರುವ ದನಿ ಎಂದರೆ ಅದೊಂದೇ. ಎಲೆಯ ಮೇಲೆ ಎಳೆದ ಗಾಡಿಯಾದರೂ ಅವನದು.

ಬಂದದ್ದು ಹುಡುಗನ ದನಿ. ಎತ್ತರದಲ್ಲಿ, ಮಿಂಚುತ್ತ. ಮೊದಲ ಸಾಲು ಮುಗಿಸಿ ಎರಡನೆಯದಕ್ಕೆ ಹೋಯಿತು, ಎರಡರಿಂದ ಮೂರಕ್ಕೆ. ವುಕಾಶಿನ್ ಕೇಳುತ್ತ ಕೂತ. ಎಲ್ಲೂ ಉಸಿರು ತೆಗೆದುಕೊಳ್ಳಲಿಲ್ಲ. ಹೆಗಲವರೆಗೆ ಕೂದಲಿದ್ದಾಗಲೂ ಅವನು ಎರಡನೆಯ ಸಾಲಿನ ನಡುವೆ ಉಸಿರಿಗೆ ನಿಲ್ಲುತ್ತಿದ್ದ, ತಿಹೊಮಿರ್ ಅದಕ್ಕೆ ಬೈಯುತ್ತಿದ್ದ.

ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ. ಜನ ಸಾಲಾಗಿ ಬಂದು ಕೈ ಕುಲುಕಿದರು.

“ಏನು ಹಾಡಿದೀಯಪ್ಪ! ಮೈ ಜುಂ ಅಂತು.”

“ನಾನು ಇಲ್ಲೇ, ಈ ಕಂಬದ ಹತ್ರ ನಿಂತು ಕೇಳಿದ್ದೆ. ಹಿಂಗೇ ಹಾಡಿದ್ದೆ ನೀನು. ಒಂದಕ್ಷರ ಆಚೀಚೆ ಇಲ್ಲ.”

“ದೇವರು ದನಿ ಕಿತ್ಕೊಂಡ್ರೂ ನೋಡು, ಇದನ್ನ ಉಳಿಸಿಕೊಟ್ಟ.”

ವುಕಾಶಿನ್ ತಲೆ ಆಡಿಸುತ್ತಿದ್ದ. ಹೌದು ಎಂದೋ ಅಲ್ಲ ಎಂದೋ, ಜನ ಹೌದು ಎಂದೇ ತಿಳಿದರು. ಹಿಂದೆ ನಿಂತಿದ್ದ ಸ್ತಾನಿಯಾ ಮಾತ್ರ ಕೋಟು ಹಾಕಿಕೊಂಡು ಹೊರಗೆ ಹೋದಳು. ಸಾಲು ಮುಗಿದ ಮೇಲೆ ವುಕಾಶಿನ್ ಪಕ್ಕಕ್ಕೆ ತಿರುಗಿ ಕೂಮನನ್ನು ನೋಡಿದ. ಬ್ಲಾಗೊಯೆ ತನ್ನ ಎಡಗೈಯನ್ನು ಬಲಗೈಯಲ್ಲಿ ಹಿಡಿದು ಅದನ್ನೇ ನೋಡುತ್ತಿದ್ದ. ವುಕಾಶಿನ್ ಟೋಪಿ ಹಾಕಿಕೊಂಡು ಮನೆಗೆ ನಡೆದ.

ಆ ಬೇಸಿಗೆ ಇಬ್ಬರೂ ಭೇಟಿಯಾಗಲಿಲ್ಲ. ಬ್ಲಾಗೊಯೆ ಒಮ್ಮೆ ಬೆಲ್‌ಗ್ರೇಡಿಗೆ ಫೋನ್ ಮಾಡಿ ಆ ಇನ್ನೊಂದನ್ನು, ಕೂಮ ಹಾಡಿದ್ದನ್ನು, ಕಳಿಸಪ್ಪ ಎಂದು ಕೇಳಿದ. ಒಗ್ನೆನ್ ಹುಡುಕಿ ನೋಡಿ, ಬೇಡವಾದದ್ದನ್ನು ಅಳಿಸಿಬಿಡುತ್ತೇವೆ, ಅದೂ ಹೋಗಿದೆ ಎಂದ. ನೀವೇ ಅದು ಬೇಡ ಅಂದಿದ್ರಲ್ಲ ಚಿಕಾ. ನಿಜವಾಗಿಯೂ ಬೇಸರಪಟ್ಟುಕೊಂಡ.

ಪ್ಲಮ್ ಮತ್ತೆ ಹಣ್ಣಾಯಿತು. ಗೂಡಿಗೆ ಬೆಂಕಿ ಬಿತ್ತು. ಒಂದು ಸಂಜೆ ಬ್ಲಾಗೊಯೆ ಕೋಲೂರಿಕೊಂಡು ಬಂದು, ಹಿಂದಿನ ವರ್ಷ ಕೂತಿದ್ದ ಮರದ ತುಂಡಿನ ಬಳಿ ನಿಂತ. ವುಕಾಶಿನ್ ಒಲೆಯ ಮುಂದಿದ್ದ. ನೋಡಿದ, ಏಳಲಿಲ್ಲ.

“ನಾನೇ ಹೇಳಿದ್ದು ಅವನಿಗೆ” ಎಂದ ಬ್ಲಾಗೊಯೆ. “ನಿಂಗೆ ಗೊತ್ತು. ಆದ್ರೂ ಬಾಯಲ್ಲಿ ಹೇಳ್ಬೇಕಲ್ಲ. ನನ್ನ ಕೈ ಕೇಳಿಸ್ತು ಕಣೋ ಅದ್ರಲ್ಲಿ. ಎರಡೂ ಕೈ. ನಿನ್ನ ಈಗಿನ ದನಿ ಜೊತೆ… ನಾವಿಬ್ರೂ ಮುದುಕ್ರಾಗಿ ಕೇಳಿಸ್ತಿದ್ವಿ.”

ಕಡ್ಡಿಯೊಂದು ಒಲೆಯಲ್ಲಿ ಚಟ್ಟೆಂದಿತು.

“ಬಯ್ಯೋ ಕೂಮ. ನಿನ್ನ ಆ ಯಂತ್ರ ಇದೆಯಂತಲ್ಲ, ತಗೊಂಡು ಬಾ. ಅದ್ರಲ್ಲೇ ಬಯ್ಯಿ. ಒಂದ್ಸಲ ನೆಟ್ಟಗೆ ಬಯ್ದುಬಿಡು, ಹೋಗ್ತೀನಿ.”

ವುಕಾಶಿನ್ ಎದ್ದ. ಮನೆಯ ಕಡೆ ಹೋಗಲಿಲ್ಲ. ಗೂಡಿನ ಬಾಗಿಲು ತೆರೆದು ಒಂದು ಹಣ್ಣು ಎತ್ತಿ, ಎರಡು ಬೆರಳ ನಡುವೆ ಒತ್ತಿ ನೋಡಿದ. ಒಳಗೆ ಬೀಜ ಜಾರಿತು, ರಸ ಬರಲಿಲ್ಲ. ಆಗಿದೆ. ತಟ್ಟಿಯ ಈ ತುದಿ ಹಿಡಿದು, ಆ ತುದಿಯ ಕಡೆ ಗಲ್ಲ ಎತ್ತಿ ತೋರಿಸಿದ.

ಬ್ಲಾಗೊಯೆ ಕೋಲನ್ನು ಗೋಡೆಗೆ ಒರಗಿಸಿ ಬಂದು ಬಲಗೈಯಲ್ಲಿ ಹಿಡಿದ. ಎಡಗೈಯನ್ನೂ ಎತ್ತಿ ಕಡ್ಡಿಯ ಮೇಲೆ ಇಟ್ಟ, ಇದ್ದರೆ ಇರಲಿ ಎಂದು. ಎಳೆದರು. ತಟ್ಟಿ ಅರ್ಧ ಹೊರಗೆ ಬಂತು, ಮುಕ್ಕಾಲು ಬಂತು. ಪೂರ್ತಿ ಭಾರ ಕೈಗೆ ಬಿದ್ದ ಕೂಡಲೆ ಬ್ಲಾಗೊಯೆಯ ಕಡೆ ವಾಲಿತು, ನಿಂತಿತು, ಮತ್ತೆ ವಾಲಿತು. ಹಣ್ಣೆಲ್ಲ ಒಂದೇ ಸಲ ಉರುಳಿ ಒಲೆಯ ಮುಂದಿನ ಬೂದಿಗೆ ಸುರಿಯಿತು.

ವುಕಾಶಿನ್‌ನ ಬಾಯಿ ತೆರೆಯಿತು. ಕುತ್ತಿಗೆಯ ನರ ಉಬ್ಬಿತು, ಮುಖ ಕೆಂಪಾಯಿತು. ಶಾಲಿನ ಕೆಳಗೆ, ಉಸಿರಾಡಲೆಂದು ಡಾಕ್ಟರು ಕುತ್ತಿಗೆಯಲ್ಲಿ ಮಾಡಿದ್ದ ತೂತಿನಿಂದ ಗಾಳಿ ಬಂತು, ಊದುಕೊಳವೆಯಲ್ಲಿ ಬರುವಷ್ಟು. ಬ್ಲಾಗೊಯೆ ಖಾಲಿ ತಟ್ಟಿಯ ತುದಿ ಹಿಡಿದುಕೊಂಡು, ತಲೆ ತಗ್ಗಿಸಿ ನಿಂತ. ಎದುರು ಗುಡ್ಡದ ನಾಯಿಗಳು ಬೊಗಳಲಿಲ್ಲ.

ಆಮೇಲೆ ವುಕಾಶಿನ್ ಬಾಯಿ ಮುಚ್ಚಿಕೊಂಡ. ತಟ್ಟಿಯನ್ನು ಗೋಡೆಗೆ ಒರಗಿಸಿಟ್ಟು, ಬಕೆಟ್ಟು ತಂದು, ಕುಕ್ಕರಗಾಲಲ್ಲಿ ಕೂತು ಹಣ್ಣು ಆರಿಸತೊಡಗಿದ. ಸ್ವಲ್ಪ ಹೊತ್ತಿಗೆ ಬ್ಲಾಗೊಯೆಯೂ ಗೋಡೆ ಹಿಡಿದು ಮೆಲ್ಲಗೆ ಕೆಳಗೆ ಕೂತ. ಬೂದಿ ಹತ್ತಿದ ಹಣ್ಣು ಮತ್ತೆ ತಟ್ಟಿಗೆ ಹೋಗುವುದಿಲ್ಲ, ಹಂದಿಗೆ ಹೋಗುತ್ತದೆ. ಅವರು ಒಂದೊಂದಾಗಿ ಬಕೆಟ್ಟಿಗೆ ಹಾಕುತ್ತ ಹೋದರು.